ಮೂಗು ಮೇಸ್ತ್ರಿಯ ಎರಡು ಡಬ್ಬಿ

೧೧ನೇ ತಾರೀಕು, ಮಂಗಳವಾರ, ಬೆಳಿಗ್ಗೆ

ಪ್ರೀತಿಯ ಕತ್ತರಿಗೆ,

ಆರು ಜನರ ಮೇಲೆ ಮೇಸ್ತ್ರಿಯಾದವಳನ್ನು ಇನ್ನೂ ಹೀಗೆ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ಆದರೆ ಮೂರನೇ ವಯಸ್ಸಿಗೇ ನನ್ನ ಗಿಡದ ಕತ್ತರಿ ಕದ್ದು ಪಕ್ಕದ ಮನೆಯ ಬೇಲಿ ಬೋಳಿಸಿದವಳಿಗೆ ಬೇರೆ ಹೆಸರು ನನ್ನ ಬಾಯಿಗೆ ಬರುವುದಿಲ್ಲ.

ನಿನ್ನ ಕಾಗದ ಬಂದು ಮೂರು ವಾರ ಆಯಿತು. ತಪ್ಪಾಯಿತಮ್ಮ. ಮರೆತಿರಲಿಲ್ಲ. ನೀನು ಕೇಳಿದ್ದು ಒಂದೇ ಪ್ರಶ್ನೆ: ‘ದೊಡ್ಡಪ್ಪ, ಮಧ್ಯಾಹ್ನದ ಹೊತ್ತಿಗೆ ಹುಬ್ಬುಗಳ ನಡುವೆ ಮೊಳೆ ಹೊಡೆದ ಹಾಗೆ ತಲೆ ನೋಯುತ್ತೆ. ನಿಮಗೂ ಹೀಗೆ ಆಗ್ತಿತ್ತಾ?’ ‘ಇಲ್ಲ’ ಎಂದು ಕಾರ್ಡಿನಲ್ಲಿ ಬರೆದು ಹಾಕಬಹುದಿತ್ತು. ಬರೆದೂ ಇದ್ದೆ. ಅಂಚೆ ಡಬ್ಬದವರೆಗೆ ಹೋಗಿ ವಾಪಸು ತಂದೆ. ನಲವತ್ತು ವರ್ಷ ತೋಟದ ಕೆಲಸದಲ್ಲಿ ಅದೇ ಮಿಷನ್ನು ಹಿಡಿದ ನನಗೆ ಯಾಕೆ ಆಗಲಿಲ್ಲ, ನಿನಗೆ ಯಾಕೆ ಆಗುತ್ತಿದೆ ಎಂಬ ಹುಳ ತಲೆಗೆ ಹೊಕ್ಕಿತು. ನನ್ನ ತಲೆಗೆ ಹುಳ ಹೊಕ್ಕರೆ ನಿನ್ನ ದೊಡ್ಡಮ್ಮನ ಕಷ್ಟ ನಿನಗೆ ಗೊತ್ತಲ್ಲ.

ಶೆಡ್ಡಿನಿಂದ ನನ್ನ ಹಳೆಯ ಬೇಲಿ ಕತ್ತರಿಸುವ ಮಿಷನ್ನನ್ನು ಹೊರಗೆ ತೆಗೆದೆ. ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಒಂದು ಕೋಲಿಗೆ ಕಟ್ಟಿ, ಕೆಲಸ ಮಾಡುವಾಗ ಮುಖ ಎಲ್ಲಿರುತ್ತದೋ ಸರಿಯಾಗಿ ಅಲ್ಲಿ ನೆಟ್ಟೆ. ಹಿತ್ತಲ ಗೋಡೆ ಗಾಳಿಗೆ ಅಡ್ಡವಿರುವ ಕಡೆ ಕಾಲು ಗಂಟೆ ಮಿಷನ್ನು ಓಡಿಸಿದೆ. ಬಟ್ಟೆಯ ಮೇಲೆ ಎಣ್ಣೆಯ ಸಣ್ಣ ಸಣ್ಣ ಚುಕ್ಕೆಗಳು. ಆಮೇಲೆ ಬಯಲಿಗೆ ತಂದು, ಗಾಳಿ ಪಕ್ಕದಿಂದ ಬೀಸುವ ಹಾಗೆ ನಿಂತು ಓಡಿಸಿದೆ. ಚುಕ್ಕೆಗಳು ಬೆರಳಲ್ಲಿ ಎಣಿಸುವಷ್ಟು. ದೊಡ್ಡಮ್ಮ ಹೊಲಿಗೆ ಬಿಟ್ಟು ಬಾಗಿಲಲ್ಲಿ ನಿಂತು, ನಲವತ್ತು ವರ್ಷ ನಿಮ್ಮ ಬಟ್ಟೆ ಒಗೆದ ನನ್ನನ್ನು ಕೇಳಿದ್ದರೆ ಇದನ್ನು ಒಂದು ಮಾತಿನಲ್ಲಿ ಹೇಳುತ್ತಿದ್ದೆ, ಇಷ್ಟು ಗಲಾಟೆ ಬೇಕಿರಲಿಲ್ಲ ಎಂದಳು.

ಆ ಬಟ್ಟೆಯನ್ನೇ ಮಡಚಿಕೊಂಡು ಮಿಷನ್ನಿನ ಅಂಗಡಿಗೆ ಹೋದೆ. ಈಗ ಅಂಗಡಿ ನೋಡಿಕೊಳ್ಳುವುದು ಹಳೆಯ ಯಜಮಾನರ ಸೊಸೆ. ಎಂಜಿನ್ ಬಿಚ್ಚುವುದರಲ್ಲಿ ಮಾವನನ್ನೂ ಮೀರಿಸಿದ್ದಾಳೆ. ಬಟ್ಟೆ ನೋಡಿ ನಗಲಿಲ್ಲ. ಕೌಂಟರಿನ ಮೇಲೆ ಒಂದು ಸಿಲಿಂಡರ್ ಇಟ್ಟು ತೋರಿಸಿದಳು. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ನಮ್ಮ ಎಂಜಿನ್ನಿನಲ್ಲಿ ಹೊಸ ಪೆಟ್ರೋಲು ಒಳಗೆ ಬರುವುದೂ ಹಳೆಯ ಹೊಗೆ ಹೊರಗೆ ಹೋಗುವುದೂ ಒಂದೇ ಉಸಿರಿನಲ್ಲಂತೆ. ಹಾಗಾಗಿ ಒಂದಿಷ್ಟು ಪೆಟ್ರೋಲು ಉರಿಯದೆ ಹಾಗೇ ಸೈಲೆನ್ಸರಿನಿಂದ ಹೊರಬೀಳುತ್ತದಂತೆ. ಸೈಲೆನ್ಸರ್ ಎಲ್ಲಿದೆ? ನಮ್ಮ ಮೂಗಿನಿಂದ ಒಂದು ಮೊಳ ದೂರ. ಅದರಲ್ಲಿ ಬೆಂಜೀನ್ ಅಂತ ಒಂದಿದೆ, ವರ್ಷಗಟ್ಟಲೆ ಉಸಿರಿನಲ್ಲಿ ಎಳೆದುಕೊಂಡರೆ ರಕ್ತವನ್ನೇ ಕೆಡಿಸಬಲ್ಲದು ಎಂದಳು. ಜೊತೆಗೆ ವಾಸನೆಯೇ ಇಲ್ಲದ ಕೆಟ್ಟ ಗಾಳಿ ಬೇರೆ. ತಲೆನೋವು, ತಲೆಸುತ್ತು ತರುವುದರಲ್ಲಿ ಅದರ ಪಾಲು ದೊಡ್ಡದಂತೆ. ಎಂಜಿನ್ನಿನ ಹೊಟ್ಟೆಯೊಳಗೆ ಕೈ ಹಾಕಿಕೊಂಡೇ ಬದುಕಿದವನು ನಾನು, ಇದನ್ನು ಯಾರೂ ಹೇಳಿರಲಿಲ್ಲ ಎಂದೆ. ‘ನೀವು ಕೇಳಿದ್ರಾ ಅಜ್ಜ?’ ಎಂದಳು. ಇಲ್ಲ, ಕೇಳಿರಲಿಲ್ಲ.

ಹೊರಡುವಾಗ ಒಂದು ಡಬ್ಬಿ ಕೊಟ್ಟಳು. ಆಲ್ಕಿಲೇಟ್ ಪೆಟ್ರೋಲ್ ಎಂದು ಬರೆದಿದೆ. ನಮ್ಮ ಮಿಷನ್ನುಗಳಿಗೆಂದೇ ತಯಾರಿಸಿದ್ದು, ಆಯಿಲ್ ಬೆರೆಸಿಯೇ ಬರುತ್ತದೆ. ಬೆಂಜೀನ್ ಇಲ್ಲವೆನ್ನುವಷ್ಟು ಕಡಿಮೆ, ವರ್ಷಗಟ್ಟಲೆ ಇಟ್ಟರೂ ಹಳಸುವುದಿಲ್ಲ, ವಾಸನೆಯೂ ಹೆಚ್ಚಿಲ್ಲ. ಬೆಲೆ ಮಾತ್ರ ಜಾಸ್ತಿ. ವಾಸನೆ ಇಲ್ಲದ ಪೆಟ್ರೋಲು ಎಂದರೆ ನನಗೆ ಎಷ್ಟು ಕುತೂಹಲ ಆಗಿರಬೇಡ! ನಿನ್ನ ದೊಡ್ಡಪ್ಪನಿಗೆ ಇಡೀ ಕಸುಬಿನಲ್ಲಿ ‘ಮೂಗು ಮೇಸ್ತ್ರಿ’ ಎಂದಲ್ಲವೇ ಹೆಸರು. ಟ್ಯಾಂಕಿನ ಮುಚ್ಚಳ ತೆಗೆದು ಒಂದು ಸಲ ಮೂಸಿದರೆ ಆಯಿಲ್ ಹೆಚ್ಚಾಗಿದೆಯೋ ಪೆಟ್ರೋಲು ಹಳೆಯದೋ ಹೇಳುತ್ತಿದ್ದೆ. ಆ ವಿದ್ಯೆಯನ್ನು ನಿನಗೂ ಕಲಿಸಿದೆ.

ಮನೆಗೆ ಬಂದು ಎರಡು ಒಂದೇ ಥರದ ಸ್ಟೀಲ್ ಡಬ್ಬಿ ತೆಗೆದುಕೊಂಡು, ಒಂದಕ್ಕೆ ನಮ್ಮ ಹಳೆಯ ಪೆಟ್ರೋಲು, ಇನ್ನೊಂದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪ ಹಾಕಿ ಹಿತ್ತಲ ಕಟ್ಟೆಯ ಮೇಲೆ ಇಟ್ಟೆ. ಗುರುತಿಗೆ ಹಳೆಯದರ ಮುಚ್ಚಳಕ್ಕೆ ಸೀಮೆಸುಣ್ಣದಲ್ಲಿ ಒಂದು ಗೀಟು, ಹೊಸದರ ಮುಚ್ಚಳಕ್ಕೆ ಎರಡು. ಆಮೇಲೆ ಎರಡೂ ಮುಚ್ಚಳಗಳನ್ನು ಒಟ್ಟಿಗೆ ತೆಗೆದು ಪಕ್ಕಕ್ಕಿಟ್ಟೆ, ಯಾವ ಡಬ್ಬಿ ಯಾವುದೆಂದೇ ತಿಳಿಯದಾಯಿತು. ನನ್ನ ಜಾಣತನ ನೋಡು. ಪರವಾಗಿಲ್ಲ, ಮೂಗಿದೆಯಲ್ಲ ಎಂದು ಒಂದನ್ನು ಎತ್ತಿ ಮೂಸಿದೆ. ಏನೂ ಇಲ್ಲ, ನೀರಿನ ಹಾಗೆ. ಎಷ್ಟು ಸಂತೋಷವಾಯಿತೆಂದರೆ, ಒಳಗೆ ಕೂತಿದ್ದ ನಿನ್ನ ದೊಡ್ಡಮ್ಮನನ್ನು ಕರೆದು ಅವಳ ಮುಖದ ಹತ್ತಿರ ಹಿಡಿದೆ. ಇದೇ ನೋಡು ಹೊಸದು, ಮಗು ಮಲಗಿರುವ ಕೋಣೆಯಲ್ಲಿ ಬೇಕಾದರೂ ಇಡಬಹುದು ಎಂದೆ.

ಅವಳು ಕೆಮ್ಮುತ್ತಾ ಎರಡು ಹೆಜ್ಜೆ ಹಿಂದೆ ಸರಿದಳು. ಕಣ್ಣಲ್ಲಿ ನೀರು. ‘ರೀ, ಇದು ಹಳೇದು. ನಾಕು ಮನೆ ಆಚೆಗೆ ಹೊಡೀತಿದೆ. ತಮಾಷೆ ಮಾಡ್ತಿದ್ದೀರಾ?’

ತಮಾಷೆ ಮಾಡುತ್ತಿರಲಿಲ್ಲ. ಇನ್ನೊಂದು ಡಬ್ಬಿ ಮೂಸಿದೆ. ಅದೂ ನೀರು. ಸಾಬೂನು, ನೀರು. ಅವಳ ತಲೆಗೆ ಹಚ್ಚುವ ಎಣ್ಣೆಯ ಸೀಸೆ, ನೀರು. ಅವಳು ಸೀಸೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: ‘ಹಾಲು ಹೊತ್ತಿ ಹೋದಾಗೆಲ್ಲ ನೀವು ಒಲೆ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿರ್ತೀರಿ. ಸೋಮಾರಿತನ ಅಂದ್ಕೊಂಡಿದ್ದೆ.’

ಎಂದಿನಿಂದ ಹೀಗೆ ಎಂದು ನನಗೇ ಗೊತ್ತಿಲ್ಲ, ಕತ್ತರಿ. ಒಂದೇ ದಿನ ಹೋದದ್ದಲ್ಲ. ಈಗ ಯೋಚಿಸಿದರೆ, ಹೊಗೆಯ ಬಣ್ಣ ನೋಡಿ, ಎಂಜಿನ್ನಿನ ಸದ್ದು ಕೇಳಿ ತೀರ್ಪು ಕೊಟ್ಟು, ಹೆಸರನ್ನು ಮಾತ್ರ ಮೂಗಿಗೆ ಕೊಡುತ್ತಿದ್ದೆ ಅನಿಸುತ್ತದೆ. ಮರುದಿನವೇ ದೊಡ್ಡಮ್ಮ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಕಣ್ಣು ಮುಚ್ಚಿಸಿ ಒಂದೊಂದೇ ವಸ್ತು ಮೂಗಿಗೆ ಹಿಡಿದರು. ಈರುಳ್ಳಿ ಒಂದನ್ನು ಸರಿಯಾಗಿ ಹೇಳಿದೆ, ಅದೂ ಕಣ್ಣು ಉರಿದದ್ದಕ್ಕೆ. ಪೆಟ್ರೋಲಿನಿಂದಲೇ ಹೋಯಿತು ಎಂದು ಖಚಿತವಾಗಿ ಹೇಳಲಾಗದು, ವಯಸ್ಸೂ ಇದೆ, ಆದರೆ ಇಷ್ಟು ವರ್ಷ ಮೂಸಿದ್ದು ಒಳ್ಳೆಯದನ್ನಂತೂ ಮಾಡಿರುವುದಿಲ್ಲ ಎಂದರು. ಊರವರ ಮಾತಿಗೆಲ್ಲ ಮೂಗು ತೂರಿಸಿ ಸವೆಸಿಕೊಂಡಿದ್ದಾರೆ ಡಾಕ್ಟ್ರೇ ಎಂದಳು ನಿನ್ನ ದೊಡ್ಡಮ್ಮ. ದಾರಿಯುದ್ದಕ್ಕೂ ನನ್ನ ತೋಳು ಮಾತ್ರ ಬಿಡಲಿಲ್ಲ.

ಈಗ ನೀನು ಮಾಡಬೇಕಾದದ್ದು. ಮೂಸಿ ನೋಡುವುದನ್ನು ಇವತ್ತೇ ಬಿಡು, ನಿನ್ನ ಆರು ಜನಕ್ಕೂ ಬಿಡಿಸು. ಅಳತೆ ಜಾಡಿ ಇರುವುದು ಯಾಕೆ? ಹೊಸ ಪೆಟ್ರೋಲಿಗೆ ನಿಮ್ಮ ಆಫೀಸಿನಲ್ಲಿ ಅರ್ಜಿ ಕೊಡು, ಬೇಕಾದರೆ ನನ್ನ ಚುಕ್ಕೆ ಬಟ್ಟೆಯನ್ನೂ ಲಗತ್ತಿಸು. ಹಳೆಯ ಮಿಷನ್ನಿಗೆ ಹೊಸ ಪೆಟ್ರೋಲು ಹಾಕಿದರೆ ರಬ್ಬರ್ ವಾಷರುಗಳು ಕುಗ್ಗಿ ಸೋರಬಹುದಂತೆ, ಮೊದಲ ವಾರ ಕಣ್ಣಿಡು. ಅದೂ ಅಮೃತವಲ್ಲ, ವಾಸನೆಯಿಲ್ಲದ ಆ ಕೆಟ್ಟ ಗಾಳಿ ಅದರಿಂದಲೂ ಬರುತ್ತದೆ, ಶೆಡ್ಡಿನೊಳಗೆ ಓಡಿಸಬೇಡ. ಗೋಡೆ ಪಕ್ಕದ ಬೇಲಿಗೆ ಬ್ಯಾಟರಿ ಮಿಷನ್ನು ಸಿಗುತ್ತದೆಯೇ ಕೇಳು. ಎಲ್ಲಕ್ಕಿಂತ ಮೊದಲು ಡಾಕ್ಟರ ಹತ್ತಿರ ಹೋಗು. ತಲೆ ನೋಯುವುದು ನಿನ್ನ ಸೋಲಲ್ಲಮ್ಮ. ಮೈ ಇನ್ನೂ ಎಚ್ಚರವಾಗಿದ್ದು ಕೂಗುತ್ತಿದೆ ಅಷ್ಟೇ.

ದೊಡ್ಡಮ್ಮ ನಿನ್ನ ಅಳತೆಗೆ ಎರಡು ಅಂಗಿ ಹೊಲಿದಿಟ್ಟಿದ್ದಾಳೆ. ಹಿಡಿದ ಕೆಲಸ ನಿನ್ನನ್ನು ಎತ್ತಲಿ, ತಿನ್ನದಿರಲಿ. ನೂರು ವರ್ಷ ಒಳ್ಳೆಯ ಗಾಳಿ ಕುಡಿ.

ನಿನ್ನ ದೊಡ್ಡಪ್ಪ
(ಮಾಜಿ ಮೂಗು ಮೇಸ್ತ್ರಿ)

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿನ್ನ ಅಪ್ಪ ನನ್ನ ಮನೆಗೆ ಯಾಕೆ ಬರುವುದಿಲ್ಲ ಎಂದು ನೀನು ಕೇಳಿದಾಗಲೆಲ್ಲ ಮನೆ ಪಾಲಿನ ಜಗಳ ಎಂದು ಹೇಳಿದ್ದೆವು. ಅದು ಸುಳ್ಳು. ನೀನು ಹುಟ್ಟುವ ಮೊದಲು ಅವನು ನನ್ನ ಜೊತೆ ಆರು ವರ್ಷ ಮಿಷನ್ನು ಹಿಡಿದಿದ್ದ. ಒಂದು ಮಧ್ಯಾಹ್ನ ಎಂಟು ಜನರ ಎದುರಿಗೆ, ‘ಅಣ್ಣಾ, ಹುಬ್ಬಿನ ನಡುವೆ ಮೊಳೆ ಹೊಡೆದ ಹಾಗಿದೆ, ಈ ವಾಸನೆ ನನ್ನ ಕೈಲಾಗಲ್ಲ’ ಎಂದ. ನಿನ್ನ ಕಾಗದದಲ್ಲಿ ಅದೇ ಮಾತು ಓದಿದ್ದಕ್ಕೇ ಆ ಕಾರ್ಡನ್ನು ಡಬ್ಬಕ್ಕೆ ಹಾಕದೆ ವಾಪಸು ತಂದದ್ದು. ಆಗ ನಾನು ಟ್ಯಾಂಕಿನ ಮುಚ್ಚಳ ತೆಗೆದು ಎದೆ ತುಂಬ ಉಸಿರೆಳೆದುಕೊಂಡು ಹೇಳಿದೆ: ‘ನೋಡ್ರೋ, ನನಗೇನಾದ್ರೂ ಆಯ್ತಾ? ನಮ್ಮ ರಾಜಕುಮಾರನಿಗೆ ಕೆಲಸದ ವಾಸನೆ ಕಂಡ್ರೇ ಆಗಲ್ಲ.’ ಎಲ್ಲರೂ ನಕ್ಕರು. ಅವನು ಕೈಗವಸು ಬಿಚ್ಚಿ ಮಿಷನ್ನಿನ ಮೇಲಿಟ್ಟು ಹೋದ. ಗಡಿಯಾರ ರಿಪೇರಿ ಕಲಿತ. ಮತ್ತೆ ನನ್ನ ಹೊಸಿಲು ತುಳಿಯಲಿಲ್ಲ. ನೀನು ನನ್ನ ಹತ್ತಿರ ಕಸುಬು ಕಲಿಯಲು ಬಂದಾಗಲೂ ತಡೆಯಲಿಲ್ಲ, ಅದು ಅವನ ದೊಡ್ಡತನ. ನಮ್ಮಿಬ್ಬರಲ್ಲಿ ನೆಟ್ಟಗೆ ಮೂಗಿದ್ದವನು ಅವನೇ.

ಈ ಕಾಗದವನ್ನು ಅವನಿಗೆ ಓದಿ ಹೇಳು, ಒಂದಕ್ಷರ ಬಿಡದೆ. ಆ ಕೈಗವಸು ನನ್ನ ಹತ್ತಿರವೇ ಇದೆ. ಈ ವಾರ ಮೂರು ಸಲ ಒಗೆದೆ. ಪೆಟ್ರೋಲಿನ ವಾಸನೆ ಹೋಗಿದೆ ಎನ್ನುತ್ತಾಳೆ ನಿನ್ನ ದೊಡ್ಡಮ್ಮ, ನನಗೆ ಹೇಗೆ ತಿಳಿಯಬೇಕು? ಬಾ ಅಂದರೆ ತರುತ್ತೇನೆ. ಹೋಗಿದೆಯೋ ಇಲ್ಲವೋ ಅವನೇ ನೋಡಿ ಹೇಳಲಿ.