ರಾಕೆಟ್ ಹತ್ತಿಸಿದ ಮುದುಕ

ದೋಸ್ತ್ ಗನಿ,

ಶಿವಮೊಗ್ಗದ ಕಬ್ಬಿಣದಂಗಡಿಯವನ ಸಲಾಮು. ನೀನು ಬದುಕಿದ್ದಷ್ಟು ದಿನ ನಿನಗೆ ಬಂದ ಕಾಗದಗಳನ್ನೆಲ್ಲ ನನ್ನ ಕೈಲೇ ಓದಿಸಿಕೊಂಡೆ. ಇದನ್ನು ಅಲ್ಲಿ ಯಾರ ಕೈಲಾದರೂ ಓದಿಸಿಕೋ. ನಿನಗೆ ತಲುಪದೇ ಉಳಿದ ಸುದ್ದಿಯೊಂದಿದೆ.

ಆ ಮೊದಲ ಭಾನುವಾರ ನೆನಪಿದೆಯಾ? ಭದ್ರಾವತಿಯ ಟೆಂಟ್ ಸಿನಿಮಾದಲ್ಲಿ ಮೆಷಿನ್ ಓಡಿಸುತ್ತಿದ್ದ ನಿನ್ನನ್ನು ಮಾತಾಡಿಸಿಕೊಂಡು ಹೋಗೋಣವೆಂದು ಬಂದಿದ್ದೆ. ದೊಡ್ಡ ಪಿಕ್ಚರಿಗೆ ಮುಂಚೆ ವಾರಕ್ಕೊಂದರಂತೆ ತೋರಿಸುವ ಇಂಗ್ಲಿಷ್ ಸೀರಿಯಲ್ಲಿನ ಒಂದು ಕಂತು ಹಾಕಬೇಕಿತ್ತು, ಚಂದ್ರನಿಗೆ ಹೋಗುವ ರಾಕೆಟ್ಟಿನದು. ಪರದೆ ಪಕ್ಕ ನಿಂತು ಕನ್ನಡದಲ್ಲಿ ಕಥೆ ಕೂಗಿ ಹೇಳುವವನು ಅಂದು ಕುಡಿದು ಮಲಗಿದ್ದ. “ಸಾವ್ಕಾರ್, ಮೊಳೆ ಮಾರೋಕೆ ಇಷ್ಟು ಬಾಯಿ ಮಾಡ್ತೀಯಲ್ಲ, ಇಲ್ಲೂ ಒಂಚೂರು ಮಾಡು ಯಾರ್” ಅಂದೆ ನೀನು. “ನಂಗೆಲ್ಲೋ ಬರುತ್ತೆ ಇಂಗ್ಲಿಷು?” ಎಂದು ನಾನಂದರೆ, “ಕೇಳೋರಿಗೆ ಬರುತ್ತಾ?” ಅಂದೆ! ಇಂಥ ವಾದಕ್ಕೆ ಯಾವ ವಕೀಲ ಉತ್ತರ ಕೊಟ್ಟಾನು?

ಕಥೆ ಕಟ್ಟಿಕೊಟ್ಟವನೂ ನೀನೇ. ಷೋಗೆ ಮುಂಚೆ ರೀಲು ಪರೀಕ್ಷಿಸುವಾಗ ನೋಡಿದ್ದೆಯಲ್ಲ, “ಬಿಳಿ ಗಡ್ಡದ ಮುದುಕ ಒಬ್ಬ ಇದಾನೆ. ಹುಡುಗನ ಬೆನ್ನು ತಟ್ಟಿ ರಾಕೆಟ್ ಹತ್ತಿಸ್ತಾನೆ. ಅಪ್ಪ ಅಲ್ದೆ ಇನ್ಯಾರು ಹಂಗೆ ತಟ್ತಾರೆ? ಅಪ್ಪ ಅಂತಾನೇ ಹೇಳಿಬಿಡು” ಅಂದೆ. ನಾನೂ ಹಾಗೇ ಹೇಳಿಬಿಟ್ಟೆ. ನಾನು ಬಾಯಿ ತೆಗೆದಾಗ ನೀನು ಮೆಷಿನ್ನಿನ ದನಿ ಇಳಿಸುತ್ತಿದ್ದೆ, ಮುಚ್ಚಿದಾಗ ಏರಿಸುತ್ತಿದ್ದೆ. ಮುದುಕ ಪರದೆಗೆ ಬಂದರೆ ಸಾಕು, ನೆಲದ ಮೇಲೆ ಕೂತ ಕಾರ್ಖಾನೆಯವರೆಲ್ಲ “ಅಪ್ಪ ಬಂದ” ಎಂದು ಶಿಳ್ಳೆ ಹೊಡೆಯುತ್ತಿದ್ದರು. ನಿನ್ನ ಅಪ್ಪ ನೀನು ಚಿಕ್ಕವನಿದ್ದಾಗ ಬೊಂಬಾಯಿಗೆ ಹೋದವರು ತಿರುಗಿ ಬರಲೇ ಇಲ್ಲ ಎಂಬುದು ನನಗೆ ಗೊತ್ತಿತ್ತು. ಆ ಮುದುಕನಿಗೆ ನಾನು ಒಳ್ಳೊಳ್ಳೆ ಮಾತು ಹಾಕಿದ್ದು ಸುಮ್ಮನೆ ಅಂದುಕೊಂಡೆಯಾ?

ಆಮೇಲೆ ಪ್ರತಿ ಭಾನುವಾರ ಕಥೆ ಹೇಳಲು ನಾನೇ ಬರತೊಡಗಿದೆನಲ್ಲ, ನನ್ನ ಹೆಂಡತಿ ಪಾರ್ವತಿ ಒಂದು ಭಾನುವಾರ ಬಾಗಿಲಿಗೆ ಅಡ್ಡ ನಿಂತಳು. ಭದ್ರಾವತಿಗೆ ಸರಕು ತರಲು ಹೊರಟೆ ಎಂದೆ. “ಭಾನುವಾರ ಕಬ್ಬಿಣ ಯಾರ್ರೀ ಮಾರ್ತಾರೆ? ಅಲ್ಲಿ ಯಾರನ್ನಾದ್ರೂ ಇಟ್ಕೊಂಡಿದೀರಾ, ಹೇಳಿಬಿಡಿ.” ನಿಂತಲ್ಲೇ ಲಾಭ ನಷ್ಟ ತೂಗಿದೆ. ಎರಡನೇ ಸಂಸಾರ ಎಂದರೆ ಬಜಾರು ನಾಲ್ಕು ದಿನ ಆಡಿ ಮರೆಯುತ್ತದೆ. ಜಗಳ ಬಂದರೆ ಜನ ನ್ಯಾಯಕ್ಕೆ ಕರೆಯುವ ನನ್ನಂಥ ಮನುಷ್ಯ ಬಾಯಲ್ಲಿ “ಢರ್ರ್” ಎಂದು ರಾಕೆಟ್ ಹಾರಿಸುತ್ತಾನೆಂದು ತಿಳಿದರೆ… ಅವಳು ಅಂದುಕೊಂಡದ್ದೇ ಇರಲಿ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ನೀನು ಹಾಸಿಗೆ ಹಿಡಿದಾಗ ನೋಡಲು ಬಂದೆನಲ್ಲ, ನೀನು ಕೇಳಿದ ಮೊದಲ ಮಾತೇ “ಮುದುಕ ಏನಾದ?” ಹುಡುಗನಿಗಾಗಿ ಕಾಯ್ತಿದಾನೆ ಎಂದೆ. “ಕೊನೇಲಿ ಹುಡುಗ ಅವನನ್ನ ಮನೆಗೆ ಕರ್ಕೊಂಡ್ ಹೋಗ್ಬೇಕು. ಬೇರೆ ಏನಾದ್ರೂ ಹೇಳಿದ್ರೆ ನೋಡು, ನಿನ್ನ…” ನಿನಗೆ ಕೆಮ್ಮು ಬಂತು. ಬೈಗುಳ ಪೂರ್ತಿಯಾಗಲಿಲ್ಲ.

ಕೊನೆಯ ಕಂತು ಬಂದಾಗ ನಿನ್ನ ಗೋರಿಯ ಮಣ್ಣು ಇನ್ನೂ ಹಸಿಯಾಗಿತ್ತು. ಆ ಸಂಜೆ ಪಾರ್ವತಿಗೆ, “ನಡಿ, ನಿನ್ನ ಸವತೀನ ತೋರಿಸ್ತೀನಿ” ಎಂದು ಕರೆದುಕೊಂಡು ಹೋಗಿ ಹೆಂಗಸರ ಕಡೆ ಕೂರಿಸಿದೆ. ನೀನಿಲ್ಲದ ಮೇಲೆ ನನಗೆ ಯಾರ ಎದುರು ಮುಚ್ಚಿಡುವ ಮನಸ್ಸೂ ಉಳಿದಿರಲಿಲ್ಲ. ಪರದೆ ಪಕ್ಕ ನಿಂತು ಹಿಂದಿನ ಕಂತುಗಳ ಕಥೆಯನ್ನೆಲ್ಲ ಒಪ್ಪವಾಗಿ ಹೇಳಿದೆ. ಅಷ್ಟರಲ್ಲಿ ಪರದೆಯ ಮೇಲೆ ಮುದುಕ ಗಡ್ಡ ಸವರಿಕೊಂಡು ವಿಕಾರವಾಗಿ ನಕ್ಕ. ಹುಡುಗನ ಎದೆಗೆ ಬಂದೂಕು ಇಟ್ಟ! ಹುಡುಗ ಅದನ್ನು ಕಿತ್ತುಕೊಂಡು ಅವನಿಗೇ ಗುಂಡು ಹೊಡೆದ. ಗನಿ, ನಮ್ಮ ಅಪ್ಪ ಮೊದಲಿನಿಂದಲೂ ಆ ಕಥೆಯ ಕೇಡಿಗನಾಗಿದ್ದ ಕಣೋ.

“ಅಪ್ಪನ್ನೇ ಹೊಡೆದ್ನಲ್ರೀ!” ಎಂದು ಒಬ್ಬ ಎದ್ದ. “ಅಪ್ಪಾ ಸಾರ್ ಅದು, ಅಪ್ಪಾ!” ಎಂದು ತಮಿಳಿನವನೊಬ್ಬ ತಲೆ ಚಚ್ಚಿಕೊಂಡ. ತುಕ್ಕು ಹಿಡಿದ ಸಲಾಕೆಯನ್ನೂ ಹೊಗಳಿ ಮಾರಿದವನು ನಾನು. ಆದರೆ ನೀನು ಹೇಳಿದ ಕೊನೆಯನ್ನು ಎಲ್ಲಿಂದ ತರಲಿ? ಆಗ ಹೆಂಗಸರ ಕಡೆಯಿಂದ ಒಂದು ದನಿ ಎದ್ದಿತು. “ಅದು ಅಪ್ಪ ಅಲ್ಲ ಕಣ್ರೀ! ಅಪ್ಪ ಆದೋನು ಹಂಗೆ ನಗ್ತಾನಾ? ಗಡ್ಡ ಅಂಟಿಸ್ಕೊಂಡಿರೋ ಕಳ್ಳ ಅವ್ನು! ನಿಜವಾದ ಅಪ್ಪನ್ನ ಅಲ್ಲೆಲ್ಲೋ ಕೂಡಿಹಾಕಿದಾನೆ. ಕಂಬದ ಹಂಗೆ ನಿಂತಿದೀರಲ್ಲ, ಹೇಳ್ರೀ!” ಪಾರ್ವತಿ! ಒಂದೇ ಕಂತು ನೋಡಿದವಳು! ನಾನು ಅಲ್ಲಿಂದ ಹಿಡಿದೆ ನೋಡು, ಟೆಂಟು ಹಾರಿಹೋಗುವ ಹಾಗೆ ಕೂಗಿದೆ.

ವಾಪಸು ಬಸ್ಸಿನಲ್ಲಿ ಅವಳು, “ಇಷ್ಟಕ್ಕಾ ನನ್ನನ್ನ ಅಷ್ಟು ಅಳಿಸಿದ್ದು?” ಎಂದಳು. ಬಸ್ಸು ಸ್ವಲ್ಪ ಮುಂದೆ ಹೋದ ಮೇಲೆ, “ಮುಂದಿನ ವಾರ ಯಾವ್ದು ಹಾಕ್ತಾರಂತೆ?” ಬೆಳಿಗ್ಗೆಯ ಹೊತ್ತಿಗೆ ಬಜಾರಿಗೆಲ್ಲ ಗೊತ್ತಾಗಿತ್ತು. ಪಕ್ಕದ ಬಟ್ಟೆ ಅಂಗಡಿಯವನು, “ಏನ್ ಸ್ವಾಮಿ, ಚಂದ್ರಲೋಕದಿಂದ ಯಾವಾಗ ಬಂದ್ರಿ?” ಎಂದ. “ನಿನ್ನೆ. ಮೇಲಿಂದ ನಿಮ್ಮ ಅಂಗಡಿ ಹುಡುಕ್ದೆ ಮಾರಾಯ್ರೆ, ಕಾಣ್ಲೇ ಇಲ್ಲ, ಅಷ್ಟು ಚಿಕ್ಕದು” ಎಂದೆ. ಈಗ ಯಾರು ಕೇಳಿದರೂ ಹೇಳುತ್ತೇನೆ: ಹೌದು, ನನಗೆ ರಾಕೆಟ್ಟಿನ ಹುಚ್ಚು. ಸರಕಿನ ದರ ಅದರಿಂದ ಇಳಿಯುವುದಿಲ್ಲ.

ಇನ್ನು ನೀನು ಕೇಳಿದ್ದ ಸಂಗತಿ. ರೀಲು ಮುಗಿಯುವ ಮೊದಲು ರಾಕೆಟ್ಟು ಒಂದು ಬಯಲಿನಲ್ಲಿ ಇಳಿಯಿತು. ದೂರದಲ್ಲಿ ಯಾರೋ ನಿಂತು ಕೈ ಬೀಸುತ್ತಿದ್ದರು, ಮುಖ ಕಾಣುತ್ತಿರಲಿಲ್ಲ. ಇಂಗ್ಲಿಷಿನವರು ಅವನಿಗೆ ಏನು ಹೆಸರಿಟ್ಟಿದ್ದರೋ. ಹುಡುಗ ಓಡಿಹೋಗಿ ಅವನನ್ನು ತಬ್ಬಿಕೊಂಡ. ಅದು ಅಪ್ಪ ಎಂದು ನಾನು ಹೇಳುವ ಮೊದಲೇ ಟೆಂಟಿಗೆ ಟೆಂಟೇ ಕೂಗಿತು, ಗನಿ.