ಸಿಮೆಂಟಿನಲ್ಲಿ ನೆಟ್ಟ ಹರ್ಡಲ್‌ಗಳು

ವ್ಯಾನ್ಸೆನ್, ಪ್ಯಾರಿಸ್
ಜುಲೈ 28, ಸೋಮವಾರ

ಫೋನ್ ಕುಕ್ಕಿದ ನನ್ನ ಅಮ್ಮನಿಗೆ,

ಓರ್ಲಾನ್‌ಳ ಎರಡು ಮುತ್ತು, ಒಂದೊಂದು ಕೆನ್ನೆಗೆ ಒಂದೊಂದು. ಎಷ್ಟೇ ಕೋಪವಿದ್ದರೂ ಮುತ್ತು ಕೊಡುವುದನ್ನು ಬಿಡಬಾರದು ಎಂದು ಕಲಿಸಿದವಳು ನೀನೇ. ಶನಿವಾರ ಸಂಜೆಯಿಂದ ಹನ್ನೊಂದು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಈ ಕಾಗದ. ಫೋನಾದರೆ ಮಾತಿನ ಮಧ್ಯೆ ಕುಕ್ಕಬಹುದು, ಕಾಗದಕ್ಕೆ ಹಾಗೆ ಮಾಡಲಾಗದು. ಹರಿಯಬಹುದು ಅಷ್ಟೆ. ಹರಿಯುವುದಿದ್ದರೆ ಪೂರ್ತಿ ಓದಿ ಹರಿ.

ಶನಿವಾರ ಆಲ್ಬಿಯಲ್ಲಿ ನಾನು ಫ್ರಾನ್ಸಿನ ಚಾಂಪಿಯನ್ ಆದೆ. ನೂರು ಮೀಟರ್ ಹರ್ಡಲ್ಸ್, 12.71 ಸೆಕೆಂಡು. ಮೂವತ್ತೊಂದನೇ ವಯಸ್ಸಿನಲ್ಲಿ, ಎಂಟು ವರ್ಷದ ಮಗಳ ತಾಯಿಯಾಗಿ, ದೊಡ್ಡವರ ಜೊತೆಗಿನ ಹನ್ನೆರಡು ವರ್ಷದ ಓಟದಲ್ಲಿ ಮೊದಲ ಸಲ. ಟ್ರ್ಯಾಕಿನ ಮೇಲೆ ಕೂತೇ ನಿನಗೆ ಫೋನ್ ಮಾಡಿದ್ದೆ. ಶೂ ಕೂಡ ಬಿಚ್ಚಿರಲಿಲ್ಲ. ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ.

“ಏನೇ, ಗೆದ್ದೆ ಗೆದ್ದೆ ಅಂತ ಕುಣೀತಿದೀಯಾ? ಆರು ಹರ್ಡಲ್ ಬೀಳಿಸ್ದೆ. ಟೀವೀಲಿ ಎಣಿಸ್ತಾ ಕೂತಿದ್ದೆ ನಾನು. ಅಡುಗೆಮನೆಗೆ ಮೇಕೆ ನುಗ್ಗಿದ ಹಾಗಿತ್ತು! ನಮ್ಮ ಕಾಲದಲ್ಲಿ ಒಂದು ಬಿದ್ರೆ ಸಾಕಿತ್ತು, ಮುಖ ಮುಚ್ಕೊಂಡು ಹೊರಗೆ ನಡೀಬೇಕಿತ್ತು.”

ಆಮೇಲೆ ಟೊಂಯ್ ಎಂಬ ಸದ್ದು.

ಹೌದಮ್ಮ, ಆರು. ಬೇಕಾದರೆ ಕಡಲಾಚೆ ನಮ್ಮ ದ್ವೀಪಕ್ಕೆ ಬಂದು, ನಮ್ಮೂರು ಪೋರ್-ಲೂಯಿಯ ಚರ್ಚಿನ ಮೆಟ್ಟಿಲ ಮೇಲೆ ನಿಂತು ಸಾರಿ ಹೇಳುತ್ತೇನೆ, ಆರು! ನನಗೆ ನಾಚಿಕೆಯಿಲ್ಲ. ಬೇಕೆಂದು ಕೈಯಿಂದ ತಳ್ಳಬಾರದು, ನಮ್ಮ ಸಾಲು ಬಿಟ್ಟು ಪಕ್ಕಕ್ಕೆ ಹೋಗಬಾರದು. ಕಾಲು ತಗುಲಿ ಹತ್ತಕ್ಕೆ ಹತ್ತೂ ಬಿದ್ದರೂ ಓಟ ಓಟವೇ. ಹರ್ಡಲ್ ಮಾಡಿರುವುದೇ ತಗುಲಿದರೆ ಬೀಳಲಿ ಎಂದು. ನಿನ್ನ ಕಾಲದ ಮಾತು ಸದ್ಯಕ್ಕೆ ಬೇಡ, ಅದನ್ನು ಎತ್ತಿದರೆ ಈ ಕಾಗದ ಬೇರೆಯೇ ದಾರಿ ಹಿಡಿಯುತ್ತದೆ.

ಬೀಳದ ಹರ್ಡಲ್‌ಗಳನ್ನು ಲೋಕದಲ್ಲಿ ಮಾಡಿದವಳು ನೀನೊಬ್ಬಳೇ. ನೀನು ಸಿಮೆಂಟ್ ಬ್ಲಾಕು ಮಾಡಿ ಮಾರುವ ನಮ್ಮ ಅಂಗಳದ ಹಿಂದೆ, ಕಬ್ಬಿನ ಗದ್ದೆಯ ಅಂಚಿಗೆ, ಖಾಲಿ ಪೇಂಟ್ ಡಬ್ಬಿಗಳಿಗೆ ಸಿಮೆಂಟ್ ತುಂಬಿ, ಅದರಲ್ಲಿ ನೀರಿನ ಪೈಪು ನಿಲ್ಲಿಸಿ, ಮೇಲೊಂದು ಅಡ್ಡ ಪೈಪು ಬೆಸುಗೆ ಹಾಕಿಸಿ, ಡಬ್ಬಿಗಳನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂತೆ. ಐದು. ಚಂಡಮಾರುತ ಬಂದು ನಮ್ಮ ಮನೆಯ ತಗಡು ಹಾರಿಹೋದ ಮರುದಿನ ನೀನು ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದ್ದು ಆ ಐದನ್ನು. “ಚಾವಣಿ ಹೋದ್ರೆ ಹೋಗ್ಲಿ ಬಿಡ್ರಿ, ಇವು ಒಂದಿಂಚು ಅಲ್ಲಾಡಿದ್ವಾ ನೋಡಿ!” ಎಂದು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದೆ. ನನಗೂ ಆಗ ಎಷ್ಟು ಹೆಮ್ಮೆಯಾಗಿತ್ತು ಎಂದು ಹೇಳಿದರೆ ನೀನು ನಂಬುವುದಿಲ್ಲ.

ಒಂಬತ್ತನೇ ವಯಸ್ಸಿನಲ್ಲಿ ಮೂರನೇ ಪೈಪು ನನ್ನ ಮೊಣಕಾಲಿನ ಕೆಳಗೆ ಮೂಳೆ ಕಾಣುವ ಹಾಗೆ ಸೀಳಿತು. ಏಳು ಹೊಲಿಗೆ. ನೀನು ಆಸ್ಪತ್ರೆಯಿಂದ ಎತ್ತಿಕೊಂಡು ಬರುವಾಗ ಕಿವಿಯಲ್ಲಿ ಹೇಳಿದೆ, “ಪೈಪು ಬಗ್ಗಲ್ಲ ಕಣೇ. ನೀನೇ ಎತ್ತರಕ್ಕೆ ಹಾರು.” ಹಾರಿದೆ ಅಮ್ಮ. ಅಂದಿನಿಂದ ಒಂದನ್ನೂ ಮುಟ್ಟಲಿಲ್ಲ. ಆ ಹಾರಾಟವೇ ನನ್ನನ್ನು ಪ್ಯಾರಿಸಿಗೆ ತಂದಿತು, ಹತ್ತೊಂಬತ್ತಕ್ಕೆ ಯುರೋಪಿನ ಜೂನಿಯರ್ ಚಾಂಪಿಯನ್ ಮಾಡಿತು. ಅದನ್ನು ಇಲ್ಲವೆಂದರೆ ನನ್ನ ನಾಲಿಗೆ ಬಿದ್ದುಹೋಗಲಿ.

ಆದರೆ ಅಲ್ಲಿಗೇ ನಿಂತಿತು. ಆಮೇಲಿನದೆಲ್ಲ ಸೆಮಿಫೈನಲ್. ಯುರೋಪಿನಲ್ಲಿ ಮೂರು ಸಲ, ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎರಡು ಸಲ. ಪತ್ರಿಕೆಯೊಂದು ನನ್ನನ್ನು ಸೆಮಿಫೈನಲ್ ರಾಣಿ ಎಂದು ಕರೆಯಿತು. ನಿನಗೆ ನಾನು ಒಮ್ಮೆ ಮಂಡಿ ನೋವು ಅಂದೆ, ಒಮ್ಮೆ ಎದುರುಗಾಳಿ ಅಂದೆ, ಬಾಣಂತನದ ಮೈ ಇನ್ನೂ ಇಳಿದಿಲ್ಲ ಅಂದೆ. ಎಲ್ಲ ಸುಳ್ಳು. ನಿಜ ಏನೆಂದರೆ, ಪಿಸ್ತೂಲು ಸಿಡಿದ ಕೂಡಲೇ ಎದುರಿಗಿರುವ ಮರದ ಪಟ್ಟಿ ನನ್ನ ಕಣ್ಣಿಗೆ ಪೈಪಾಗುತ್ತಿತ್ತು. ನಾಲ್ಕು ಬೆರಳು ಮೇಲೆ ಹಾರುತ್ತಿದ್ದೆ. ಒಂದೊಂದರ ಮೇಲೆ ನಾಲ್ಕು ಬೆರಳು ಹೆಚ್ಚು ಅಂದರೆ ಹತ್ತು ಮುಗಿಯುವಷ್ಟರಲ್ಲಿ ಮೂವರು ಮುಂದೆ ಹೋಗಿರುತ್ತಿದ್ದರು.

ಇದನ್ನು ಹಿಡಿದವರು ಕೋಚ್ ಕೆರ್ವೆಲಾ. ಮುದುಕ ನಿನಗೆ ಇಷ್ಟವಿಲ್ಲ ಎಂದು ಗೊತ್ತು, ಆದರೂ ಕೇಳು. ಈ ಮಾರ್ಚಿನಲ್ಲಿ ಒಂದು ದಿನ ಹರ್ಡಲ್‌ಗಳ ಪಟ್ಟಿಗೆಲ್ಲ ಸೀಮೆಸುಣ್ಣ ಬಳಿದು ನಮ್ಮನ್ನು ಓಡಿಸಿದರು. ಆಮೇಲೆ ಸಾಲಾಗಿ ನಿಲ್ಲಿಸಿ ತೊಡೆ ನೋಡುತ್ತಾ ಬಂದು ನನ್ನ ಮುಂದೆ ನಿಂತರು. “ಎಲ್ಲರ ಚಡ್ಡಿಗೂ ಸುಣ್ಣ ಮೆತ್ತಿದೆ. ನಿಂದು ಚರ್ಚಿಗೆ ಹೊರಟ ಹಾಗಿದೆಯಲ್ಲಮ್ಮಾ! ಯಾರಿಗೆ ಹೆದರ್ತಿದೀಯ?” ಹುಡುಗಿಯರೆಲ್ಲ ನಕ್ಕರು. ನಾನು ಕಾಲಿನ ಗಾಯದ ಗುರುತು ತೋರಿಸಿ ಪೈಪುಗಳ ಕಥೆ ಹೇಳಿದೆ. ಆಗ ಯಾರೂ ನಗಲಿಲ್ಲ.

ಮರುದಿನದಿಂದ ಒಂದು ವಾರ ನನಗೆ ಒಂದೇ ಕೆಲಸ: ಹರ್ಡಲ್‌ಗಳನ್ನು ಹಾರದೆ, ಮಂಡಿಯಿಂದ ಹೊಡೆದು ಬೀಳಿಸಿಕೊಂಡು ಓಡುವುದು. ಮೊದಲನೆಯದರ ಮುಂದೆ ಮೂರು ಸಲ ನಿಂತುಬಿಟ್ಟೆ. ನಾಲ್ಕನೇ ಸಲ ಕಣ್ಣು ಮುಚ್ಚಿ ನುಗ್ಗಿದೆ. ಪ್ಲಾಸ್ಟಿಕ್ ಕುರ್ಚಿ ಮಗುಚಿದ ಹಾಗೆ ಟಪ್ಪೆಂದಿತು, ಬಿತ್ತು. ಇಷ್ಟೇನಾ ಅನ್ನಿಸಿತು. ಟ್ರ್ಯಾಕಿನ ಮೇಲೆ ಕೂತು ಅತ್ತುಬಿಟ್ಟೆ ಅಮ್ಮ. ನಗುವೂ ಬರುತ್ತಿತ್ತು.

ಬೀಳಿಸಿದರೆ ವೇಗ ಕಡಿಮೆಯಾಗುತ್ತದೆ, ಅದು ನನಗೂ ಗೊತ್ತು. ಶನಿವಾರ ಮುದುಕ ನನ್ನನ್ನು ತಬ್ಬಿಕೊಂಡು ಮೊದಲು ಅಂದದ್ದೇ, “ಆರು ಜಾಸ್ತಿಯಾಯ್ತು, ಮುಂದಿನ ಸಲ ಎರಡಕ್ಕೆ ಮುಗಿಸು” ಎಂದು. ಆದರೆ ಹೆದರಿಕೆ ಅದಕ್ಕಿಂತ ಹೆಚ್ಚು ವೇಗ ತಿನ್ನುತ್ತದೆ. ಹನ್ನೆರಡು ವರ್ಷ ತಿಂದಿದೆ.

ನನ್ನದು ಬಿಡು, ನಾನು ದೊಡ್ಡವಳು. ಈ ಕಾಗದ ಬರೆಯುತ್ತಿರುವುದು ನಿನ್ನ ಹತ್ತಿರ ಬೆಳೆಯುತ್ತಿರುವ ನನ್ನ ಮಗಳು ಅನಾಯಿಸ್‌ಗಾಗಿ.

ಕಳೆದ ವಾರ ಜೋಸೆಟ್ ಚಿಕ್ಕಮ್ಮ ಅವಳದೊಂದು ಫೋಟೋ ಕಳಿಸಿದ್ದಳು. ಮಗು ಹಲ್ಲು ಬಿಟ್ಟು ನಗುತ್ತಿದೆ, ಕಾಲಿಗೆ ಬಿಳಿ ಪಟ್ಟಿ, ಹಿಂದೆ ಹೊಸ ಪೇಂಟ್ ಡಬ್ಬಿ. ಅದರಲ್ಲಿನ ಸಿಮೆಂಟ್ ಇನ್ನೂ ಹಸಿ. ನಾನು ಫೋನ್ ಮಾಡಿದಾಗ ಎಷ್ಟು ಜಂಬದಿಂದ ಹೇಳಿದಳು ಗೊತ್ತಾ? “ಅಮ್ಮಾ, ನಾಲ್ಕೇ ಹೊಲಿಗೆ. ನಾನು ಅಳ್ಲೇ ಇಲ್ಲ. ನೀನೂ ಅತ್ತಿರ್ಲಿಲ್ಲ ಅಂತ ಅಜ್ಜಿ ಹೇಳಿದ್ಲು.”

ಅತ್ತಿದ್ದೆ ಅಮ್ಮ. ನೀನು ಬ್ಲಾಕಿನ ಅಚ್ಚಿಗೆ ಎಣ್ಣೆ ಸವರುತ್ತಿದ್ದಾಗ ಕಬ್ಬಿನೊಳಗೆ ಹೋಗಿ ಕೂತು ಅತ್ತು, ಮುಖ ಒರೆಸಿಕೊಂಡು ಬರುತ್ತಿದ್ದೆ. ಒಂದು ದಿನವಲ್ಲ, ಎಷ್ಟೋ ದಿನ. ನಿನಗೆ ಗೊತ್ತಾಗಬಾರದೆಂದು ಬಾಯಿಗೆ ಕಬ್ಬಿನ ಚೂರು ಇಟ್ಟುಕೊಂಡು ಅಗಿಯುತ್ತಾ ಬರುತ್ತಿದ್ದೆ. ನನ್ನ ಮಗಳು ಆ ಗದ್ದೆಯೊಳಗೆ ಕೂರುವುದು ನನಗೆ ಬೇಡ.

ಅದಕ್ಕೇ ಕೇಳು. ಆಗಸ್ಟ್ ಹದಿನಾರಕ್ಕೆ ನಾನು ಬರುತ್ತೇನೆ. ಅಷ್ಟರಲ್ಲಿ ಆ ಪೈಪುಗಳು ನೆಲದಿಂದ ಮೇಲೆ ಬಂದಿರಬೇಕು, ಹೊಸದು, ಹಳೆಯ ಐದು, ಎಲ್ಲವೂ. ಇಲ್ಲದಿದ್ದರೆ ನಿನ್ನ ಹಾರೆಯಿಂದಲೇ ನಾನು ಕೀಳುತ್ತೇನೆ. ಬೀದಿಯವರು ನೋಡಿದರೆ ನೋಡಲಿ. ಹತ್ತು ವರ್ಷ ನಿನ್ನ ಬ್ಲಾಕು ಹೊತ್ತ ತೋಳು ಇದು, ಇದರ ಬಲ ನಿನಗೆ ಗೊತ್ತು. ಚಂಡಮಾರುತದ ಕೈಲಿ ಆಗದ್ದು ನಿನ್ನ ಮಗಳ ಕೈಲಿ ಆಗುತ್ತದೆ. ಅನಾಯಿಸ್ ಓಡುವುದು ಬೇಡ ಅನ್ನುತ್ತಿಲ್ಲ. ಅವಳ ಕಾಲು ನೋಡಿದ್ದೇನೆ, ಅವು ನಿನ್ನ ಕಾಲುಗಳೇ. ಓಡಲಿ, ತಗುಲಿಸಲಿ, ಬೀಳಿಸಲಿ.

ಸೆಪ್ಟೆಂಬರಿನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಈ ಸಲ ನಾನು ಸೆಮಿಫೈನಲ್ ದಾಟುತ್ತೇನೆ, ಬರೆದಿಟ್ಟುಕೋ. ಅನಾಯಿಸ್‌ಳನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ. ನಿನ್ನನ್ನು ಕರೆಯುವುದಿಲ್ಲ, ಕರೆದರೆ ಬರುವ ಜಾತಿಯಲ್ಲ ನೀನು. ಟಿಕೆಟ್ ಮಾತ್ರ ನಿನ್ನ ಹೆಸರಿಗೂ ಒಂದು ತೆಗೆದಿದ್ದೇನೆ.

ಕೊಲೊಂಬೊ ಸಾರು ಮಾಡಿಟ್ಟಿರು, ಖಾರ ಜಾಸ್ತಿ ಹಾಕಿ. ಜಗಳ ಊಟ ಆದಮೇಲೆ.

ನಿನ್ನಷ್ಟೇ ಹಟಮಾರಿ,
ನಿನ್ನ ಮಗಳು
ಓರ್ಲಾನ್

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಎತ್ತುವುದಿಲ್ಲ ಅಂದಿದ್ದೆನಲ್ಲ, ನಿನ್ನ ಕಾಲದ ಮಾತು, ಅದನ್ನು ಎತ್ತಲೇಬೇಕು. ಹೋದ ಕ್ರಿಸ್‌ಮಸ್ಸಿಗೆ ಮೀನಿನ ಆಕ್ರಾ ವಡೆ ಕರಿಯುತ್ತಾ ಜೋಸೆಟ್ ಚಿಕ್ಕಮ್ಮ ಹೇಳಿದಳು. ನಿನಗೆ ಆಗ ಹದಿನಾರು, ಬಾಸ್-ತೇರ್‌ನಲ್ಲಿ ಶಾಲೆಗಳ ಪಂದ್ಯ, ಹರ್ಡಲ್ಸಿನಲ್ಲಿ ಎಲ್ಲರಿಗಿಂತ ಮುಂದೆ ನೀನು. ನಾಲ್ಕನೆಯದು ಕಾಲಿಗೆ ತಗುಲಿ ಬಿತ್ತಂತೆ. ನೀನು ನಿಂತು, ಮುಖ ಮುಚ್ಚಿಕೊಂಡು ಹೊರಗೆ ನಡೆದೆಯಂತೆ. ಕಾಲಿಗೆ ಪೆಟ್ಟಾಯಿತೆಂದು ಎಲ್ಲರೂ ಅಂದುಕೊಂಡರಂತೆ. ಮತ್ತೆ ನೀನು ಮೈದಾನಕ್ಕೆ ಇಳಿಯಲೇ ಇಲ್ಲ.

ಕೆರ್ವೆಲಾ ಅವರನ್ನು ಕೇಳಿದೆ. ಅವರೂ ಆಗ ಓಡುತ್ತಿದ್ದವರು. ಹಳೆಯ ನಿಯಮದ ಪುಸ್ತಕ ಹುಡುಕಿ ತೆಗೆದು ತೋರಿಸಿದರು. ನಿನ್ನ ಕಾಲದಲ್ಲೂ ನಿಯಮ ಇದೇ ಇತ್ತು ಅಮ್ಮ, ನೀನು ಹುಟ್ಟುವ ಮುಂಚಿನಿಂದಲೂ. ಅಂದು ನಿನ್ನನ್ನು ಯಾರೂ ಹೊರಗೆ ಹಾಕಿರಲಿಲ್ಲ. ಹೇಳುವವರು ಯಾರೂ ಇರಲಿಲ್ಲ, ಅಷ್ಟೆ.

ಹಡಗಿನಲ್ಲಿ ಹತ್ತು ಹರ್ಡಲ್ ಬರುತ್ತಿವೆ, ನಮ್ಮ ಕ್ಲಬ್ಬಿನ ಹಳೆಯವು, ತಗುಲಿದರೆ ಬೀಳುವವು. ಅನಾಯಿಸ್ ಮುಟ್ಟುವ ಮೊದಲು ಒಂದನ್ನು ನೀನು ಬೀಳಿಸು. ಬಿದ್ದ ಮೇಲೆ ನಿಲ್ಲಬೇಡ, ಓಡು.