ಮಸ್ಕತ್‌ನಿಂದ ಬಂದ ಬೈಕು

ಸಂಗಣ್ಣಾ,

ಈ ಪತ್ರದ ಮೇಲೆ ವಿಳಾಸ ಬರೆಯುವುದಿಲ್ಲ. ಮಸ್ಕತ್‌ನಲ್ಲಿ ನೀನು ಹಡಗಿಗೆ ಹಾಕಿಸಿದ್ದ ಬೈಕನ್ನು ಇವತ್ತು ಊರಿಗೆ ತಂದೆ.

ಹೊರದೇಶದಲ್ಲಿ ಓಡಿಸಿದ ಗಾಡಿಯನ್ನು ಬಂದರಿನಿಂದ ಬಿಡಿಸಿಕೊಳ್ಳಲು ಮಾಲೀಕನೇ ಊರಿಗೆ ಮರಳಿರಬೇಕಂತೆ. ನೀನು ತೀರಿಕೊಂಡ ಸುದ್ದಿಯನ್ನು ಅಲ್ಲಿನ ನಿನ್ನ ಗೆಳೆಯ ನನಗೊಬ್ಬನಿಗೇ ತಿಳಿಸಿ, ನಿನ್ನ ಪಾಸ್‌ಪೋರ್ಟ್ ಕಳಿಸಿದ್ದ. ಅದನ್ನು ತೋರಿಸಿ, ನೀನೇ ಎಂದು ಹೇಳಿಕೊಂಡು ಗಾಡಿ ಬಿಡಿಸಿಕೊಳ್ಳೋಣ, ಆಮೇಲೆ ಅತ್ತಿಗೆಗೆ ಹೇಳಿದರಾಯಿತು ಎಂದುಕೊಂಡೆ. ಮೂರು ತಿಂಗಳಾಯಿತು. ಅವಳು ದಿನಾ ಕುಂಕುಮ ಹಚ್ಚಿಕೊಳ್ಳುವಾಗ ನಾನು ಹೊರಗೆ ಹೋಗಿ ನಿಲ್ಲುತ್ತೇನೆ.

ಲಿಂಗಸುಗೂರಿನಲ್ಲಿ ಗಾಡಿ ನೋಂದಣಿಯ ತಪಾಸಣೆಗೆ ಹೋದಾಗ ಇನ್ಸ್‌ಪೆಕ್ಟರು ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜುತ್ತ, "ಸಂಗನಬಸವ ನೀವೇ ಏನ್ರಿ?" ಎಂದು ಕೇಳಿದರು.

"ಹೌದ್ರಿ, ನಾನೇ" ಎಂದೆ.

ಸಹಿ ಮಾಡುವಾಗ ಪೆನ್ನು ತಾನಾಗಿ ಎಡಗೈಗೆ ಹೋಯಿತು. ಎಡಚ ನೀನು, ನಾನಲ್ಲ. ಆದರೂ ಕೊನೆಯ ಸುಳಿಯ ಸಮೇತ ನಿನ್ನದೇ ಸಹಿ ಬಂತು.

ಮಸ್ಕಿಯಲ್ಲಿ ಹೆಲ್ಮೆಟ್ ತೆಗೆದು ಚಹಾ ಕುಡಿಯುತ್ತಿದ್ದೆ. ನನ್ನ ಜೊತೆ ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತು ಓದಿದ ಹನುಮಂತರಾಯ ಹೆಗಲ ಮೇಲೆ ಕೈಯಿಟ್ಟ. "ಯಾವಾಗ ಬಂದಿ, ಸಂಗಣ್ಣ?" ಎಂದ. ತಮಾಷೆ ಇರಬೇಕೆಂದು ಅವನ ಮುಖ ನೋಡಿದೆ. ಅವನು ನಗಲಿಲ್ಲ.

ನಮ್ಮೂರು ಸಾಲಗುಂದದಲ್ಲಿ ಎಂಜಿನ್ ಸದ್ದು ಕೇಳಿಯೇ ಅತ್ತಿಗೆ ಕಾಲಿಗೆ ನೀರಿನ ಚೊಂಬು ಹಿಡಿದು ಬಾಗಿಲಿಗೆ ಬಂದಳು. ನಾನು ಅವಸರದಿಂದ ಹೆಲ್ಮೆಟ್ ತೆಗೆದು ಮುಖ ತೋರಿಸಿದೆ. ಅವಳು ಕಣ್ತುಂಬ ನೋಡಿದಳು. ನನ್ನ ಕಾಲಿಗೆ ನೀರು ಸುರಿದಳು. ಆಮೇಲೆ ನನ್ನ ಹಿಂದಿನ ಖಾಲಿ ಸೀಟಿನ ಕಡೆ ನೋಡಿ ಕೇಳಿದಳು:

"ನಿಮ್ಮ ತಮ್ಮನ್ನ ಎಲ್ಲಿ ಬಿಟ್ಟು ಬಂದ್ರಿ?"